ಹಳೇ ಆಲ್ಬಮ್ಮೋ, ಎಕ್ಸ್‌ಪ್ಯಾಂಡೆಡ್ ಎಡಿಷನ್ನೋ? ಹಾಲಿವುಡ್ ಸ್ಕೋರ್ ಕೊಳ್ಳುವವರಿಗೊಂದು ಮಾರ್ಗದರ್ಶಿ

1978ರ 'ಸೂಪರ್‌ಮ್ಯಾನ್' ಸಿನಿಮಾಕ್ಕೆ ಜಾನ್ ವಿಲಿಯಮ್ಸ್ ಕೊಟ್ಟ ಸಂಗೀತ ಬೇಕು ಅಂತ ಹುಡುಕಲು ಕೂತವರಿಗೆ ಮೊದಲು ಸಿಗುವುದು ತಲೆಬಿಸಿ. ಸಿನಿಮಾ ಬಂದಾಗ ವಾರ್ನರ್ ತಂದ ಜೋಡಿ ಎಲ್‌ಪಿ ಇದೆ. ಅದೇ ಆಲ್ಬಂ ಅಮೆರಿಕದಲ್ಲಿ ಸಿಡಿಯಾಗಿ ಬಂದಾಗ ಎರಡು ಟ್ರ್ಯಾಕ್ ಕಾಣೆಯಾಗಿದ್ದವು. 1998ರಲ್ಲಿ ಬೇರೆ ಆರ್ಕೆಸ್ಟ್ರಾ ಹೊಸದಾಗಿ ನುಡಿಸಿದ್ದೊಂದಿದೆ. 2000ದಲ್ಲಿ ರೈನೋ ಕಂಪನಿ ತಂದ ಎರಡು ಡಿಸ್ಕಿನ ಸೆಟ್, 2008ರಲ್ಲಿ ಫಿಲ್ಮ್ ಸ್ಕೋರ್ ಮಂತ್ಲಿ ತಂದ ಎಂಟು ಡಿಸ್ಕಿನ ನೀಲಿ ಪೆಟ್ಟಿಗೆ, 2019ರಲ್ಲಿ ಲಾ-ಲಾ ಲ್ಯಾಂಡ್ ತಂದ ಮೂರು ಡಿಸ್ಕಿನ ಸೆಟ್. ಸಿನಿಮಾ ಒಂದೇ, ಸಂಗೀತಗಾರನೂ ಒಬ್ಬನೇ. ಯಾವುದಕ್ಕೆ ದುಡ್ಡು ಹಾಕೋದು?

ಹೊಸದಾಗಿ ಸ್ಕೋರ್ (ಸಿನಿಮಾದ ಹಿನ್ನೆಲೆ ಸಂಗೀತ) ಕೂಡಿಡಲು ಶುರು ಮಾಡಿದವರು ಕೇಳುವ ಪ್ರಶ್ನೆ ಇದೇ. ಹಳಬರ ಜಗಳವೂ ಇದರ ಸುತ್ತಲೇ. ಒಂದು ಗುಂಪು "ರೆಕಾರ್ಡ್ ಆದ ಪ್ರತಿಯೊಂದು ಸೆಕೆಂಡೂ ಬೇಕು" ಅನ್ನುತ್ತದೆ. ಇನ್ನೊಂದು ಗುಂಪು "ಸಂಗೀತಗಾರ ತಾನೇ ಕೂತು ಆರಿಸಿದ ನಲವತ್ತು ನಿಮಿಷ ಸಾಕು" ಅನ್ನುತ್ತದೆ. ನನ್ನ ಮಟ್ಟಿಗೆ ಎರಡೂ ಕಡೆ ನ್ಯಾಯ ಇದೆ. ಆದರೆ ಯಾವ ಸಿನಿಮಾ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಹಳೇ ಆಲ್ಬಂಗಳು ಯಾಕೆ ಅಷ್ಟು ಚಿಕ್ಕವು?

ನಮ್ಮಲ್ಲಿ ಸಿನಿಮಾ ಆಲ್ಬಂ ಅಂದರೆ ಹಾಡುಗಳು. ಹಿನ್ನೆಲೆ ಸಂಗೀತ ಕ್ಯಾಸೆಟ್‌ನಲ್ಲಿ ಬರುತ್ತಿದ್ದುದು ಅಪರೂಪ. ಹಾಲಿವುಡ್‌ನಲ್ಲಿ ಸ್ಕೋರ್ ಆಲ್ಬಂ ಅಂದರೆ ಆ ಹಿನ್ನೆಲೆ ಸಂಗೀತವೇ. ಒಂದು ಸಿನಿಮಾಕ್ಕೆ ಎಂಬತ್ತು, ತೊಂಬತ್ತು ನಿಮಿಷ ರೆಕಾರ್ಡ್ ಮಾಡಿರುತ್ತಾರೆ. ಎಲ್‌ಪಿಯ ಒಂದು ಬದಿಗೆ ಆರಾಮಾಗಿ ಹಿಡಿಯುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅಲ್ಲಿಗೆ ಅರ್ಧ ಸಂಗೀತ ಹೊರಗೆ.

ಸಿಡಿ ಬಂದ ಮೇಲೆ ಎಪ್ಪತ್ತು ನಿಮಿಷಕ್ಕೂ ಜಾಸ್ತಿ ಜಾಗ ಸಿಕ್ಕಿತಲ್ಲ, ಆದರೂ 80-90ರ ದಶಕದಲ್ಲಿ ಮೂವತ್ತೇ ನಿಮಿಷದ ಸಿಡಿಗಳು ಯಾಕೆ ಬಂದವು? ಕಾರಣ ದುಡ್ಡು. ಅಮೆರಿಕದ ವಾದಕರ ಸಂಘದ ನಿಯಮದ ಪ್ರಕಾರ ಸಿನಿಮಾಕ್ಕೆ ನುಡಿಸಿದ್ದನ್ನು ಆಲ್ಬಂ ಆಗಿ ಮಾರಬೇಕಾದರೆ ವಾದಕರಿಗೆ ಮತ್ತೆ ಸಂಭಾವನೆ ಕೊಡಬೇಕಿತ್ತು. ನಿಮಿಷ ಹೆಚ್ಚಿದಷ್ಟೂ ಖರ್ಚು. ವಾದಕರಿಗೆ ಅದು ನ್ಯಾಯವಾಗಿ ಸಲ್ಲಬೇಕಾದದ್ದೇ, ಆದರೆ ಸಣ್ಣ ಕಂಪನಿಗಳ ಕೈ ಕಟ್ಟಿತು. ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆದ ಎಷ್ಟೋ ಸ್ಕೋರ್‌ಗಳು ಹೀಗೆ ತುಂಡಾಗಿ ಬಂದವು. ಮುಂದೆ ಕಡಿಮೆ ಪ್ರತಿ ಅಚ್ಚು ಹಾಕುವ ಮರುಬಿಡುಗಡೆಗಳಿಗೆ ಹಗುರವಾದ ಒಪ್ಪಂದಗಳು ಬಂದವು. ಇಂಟ್ರಾಡಾ, ಲಾ-ಲಾ ಲ್ಯಾಂಡ್, ವರೀಸ್ ಸಾರಾಬಾಂಡ್, ಸ್ಪೇನ್‌ನ ಕ್ವಾರ್ಟೆಟ್ ಇಂಥ ಲೇಬಲ್‌ಗಳು ಹಳೇ ಟೇಪ್ ಹುಡುಕಿ, ಹೊಸದಾಗಿ ಮಿಕ್ಸ್ ಮಾಡಿ, ಬಿಟ್ಟುಹೋದ ಸಂಗೀತವನ್ನೂ ಸೇರಿಸಿ, ಸೀಮಿತ ಪ್ರತಿಗಳಲ್ಲಿ ತರುವ ಎಕ್ಸ್‌ಪ್ಯಾಂಡೆಡ್ ಎಡಿಷನ್‌ಗಳ ಕಾಲ ಶುರುವಾಯಿತು.

ಏನು ನೋಡಿ ತೀರ್ಮಾನಿಸಬೇಕು

ಮೊದಲನೆಯದು, ನಿಮಗೆ ಬೇಕಿರುವುದು ಸಿನಿಮಾದ ನೆನಪೋ, ಕೂತು ಕೇಳುವ ಆಲ್ಬಮ್ಮೋ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ಒಂದು ದೃಶ್ಯದ ಒಂದೂವರೆ ನಿಮಿಷದ ತುಣುಕು ಹಳೇ ಆಲ್ಬಂನಲ್ಲಿ ಇಲ್ಲ ಅಂತ ವರ್ಷಗಟ್ಟಲೆ ಕೊರಗಿದವರಿಗೆ ಎಕ್ಸ್‌ಪ್ಯಾಂಡೆಡ್ ಬಿಟ್ಟು ಬೇರೆ ದಾರಿ ಇಲ್ಲ. ಸಂಜೆ ಮನೆಯಲ್ಲಿ ಒಂದು ಆಲ್ಬಂ ಮೊದಲಿನಿಂದ ಕೊನೆವರೆಗೆ ಕೇಳುವ ಅಭ್ಯಾಸದವರಿಗೆ ಹಾಗಲ್ಲ.

ಎರಡನೆಯದು, ಯಾವ ಟೇಪ್‌ನಿಂದ ಮಾಡಿದ್ದಾರೆ? ಉದ್ದಕ್ಕಿಂತ ಇದು ಮುಖ್ಯ. ಮೂಲ ರೆಕಾರ್ಡಿಂಗ್‌ನ ಟೇಪ್ ಸಿಕ್ಕಿದೆಯೋ, ನಕಲಿನ ನಕಲಿನಿಂದ ಕೆಲಸ ಮಾಡಿದ್ದಾರೋ ಅನ್ನುವುದು ಮೊದಲ ಹತ್ತು ಸೆಕೆಂಡಿನಲ್ಲೇ ಕಿವಿಗೆ ತಿಳಿಯುತ್ತದೆ. 'ರೀಮಾಸ್ಟರ್' ಅಂತ ಮುಖಪುಟದಲ್ಲಿ ಬರೆದ ಮಾತ್ರಕ್ಕೆ ಏನೂ ಖಾತ್ರಿ ಇಲ್ಲ. ಬರೀ ವಾಲ್ಯೂಮ್ ಏರಿಸಿ, ಮೆಲುದನಿಗೂ ಅಬ್ಬರಕ್ಕೂ ಇದ್ದ ಅಂತರ ಕೊಂದಿರುವ ರೀಮಾಸ್ಟರ್‌ಗಳೂ ಇವೆ.

ಮೂರನೆಯದು, ಸೇರಿಸಿದ್ದು ಏನು? ಕೈಬಿಟ್ಟಿದ್ದ ದೊಡ್ಡ ದೃಶ್ಯದ ಸಂಗೀತವೋ, ಅದೇ ಕ್ಯೂನ (ಒಂದು ದೃಶ್ಯಕ್ಕೆ ಬರೆದ ಸಂಗೀತದ ತುಣುಕು) ಮೂರನೇ ಟೇಕೋ, ಹೋಟೆಲ್ ದೃಶ್ಯದಲ್ಲಿ ರೇಡಿಯೋದಿಂದ ಕೇಳಿಬರುವ ತುಣುಕೋ? ಟ್ರ್ಯಾಕ್ ಪಟ್ಟಿಯಲ್ಲಿ 'ಆಲ್ಟರ್ನೇಟ್' (ಅದೇ ತುಣುಕಿನ ಬೇರೆ ರೂಪ) ಅನ್ನುವ ಮಾತು ಎಷ್ಟು ಸಲ ಬಂದಿದೆ ಅಂತ ನೋಡಿ.

ನಾಲ್ಕನೆಯದು, ಮೂಲ ಆಲ್ಬಂ ಕೂಡ ಒಳಗಿದೆಯಾ? ಇದನ್ನು ಜನ ಮರೆಯುತ್ತಾರೆ. ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ಇದಕ್ಕೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಬೆಲೆ, ಸಾಗಣೆ, ಬುಕ್‌ಲೆಟ್. ಬುಕ್‌ಲೆಟ್ ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಒಳ್ಳೆಯ ಲೇಬಲ್‌ನ ಬುಕ್‌ಲೆಟ್‌ನಲ್ಲಿ ಪ್ರತಿ ಕ್ಯೂ ಯಾವ ದೃಶ್ಯಕ್ಕೆ, ಯಾಕೆ ಬದಲಾಯಿತು, ಟೇಪ್ ಎಲ್ಲಿ ಸಿಕ್ಕಿತು ಅನ್ನುವ ವಿವರ ಇರುತ್ತದೆ.

ಮೂಲ ಆಲ್ಬಂ: ಎರಡು ಸಿನಿಮಾ ಸಾಕ್ಷಿ

'ಜಾಸ್' ತಗೊಳ್ಳಿ. ಶಾರ್ಕ್ ದಾಳಿಯ ಆ ಸಿನಿಮಾಕ್ಕೆ 1975ರಲ್ಲಿ ಎಂಸಿಎ ತಂದ ಎಲ್‌ಪಿ ಸುಮಾರು 35 ನಿಮಿಷದ್ದು. ಅದರಲ್ಲಿ ಇರುವುದು ಸಿನಿಮಾದಲ್ಲಿ ಕೇಳಿದ ರೆಕಾರ್ಡಿಂಗ್ ಅಲ್ಲವೇ ಅಲ್ಲ. ವಿಲಿಯಮ್ಸ್ ಆಲ್ಬಂಗಾಗಿ ಸಂಗೀತವನ್ನು ಹೊಸದಾಗಿ ಜೋಡಿಸಿ, ಬೇರೆಯಾಗಿ ನುಡಿಸಿ ರೆಕಾರ್ಡ್ ಮಾಡಿದರು. ಕಡಲತೀರಕ್ಕೆ ಪ್ರವಾಸಿಗರು ಬಂದಿಳಿಯುವ 'ಪ್ರೊಮೆನಾಡ್' ಭಾಗ ಕೇಳಿ ನೋಡಿ. ಆಲ್ಬಂನಲ್ಲಿ ಅದು ಪೂರ್ತಿ ಬೆಳೆದ ಒಂದು ಕಛೇರಿ ತುಣುಕು. ಸಿನಿಮಾದಲ್ಲಿ ಅದಕ್ಕೆ ಅಷ್ಟು ಜಾಗವಿಲ್ಲ. ಬೋನು ಜೋಡಿಸುವಾಗ ಬರುವ ಫ್ಯೂಗ್ (ಒಂದೇ ಎಳೆಯನ್ನು ವಾದ್ಯಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುವ ರಚನೆ) ಕೂಡ ಹಾಗೇ, ಆಲ್ಬಂನಲ್ಲಿ ಮಾತಿನ ಗದ್ದಲ ಇಲ್ಲದೆ ಒಂದೊಂದೇ ವಾದ್ಯ ಸೇರಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಸಿನಿಮಾದ ನಿಜವಾದ ಹೆದರಿಕೆ, ಆ ಎರಡು ಸ್ವರ ಹತ್ತಿರ ಹತ್ತಿರ ಬರುವ ರೀತಿ, ಎತ್ತರದ ಸ್ಥಾಯಿಯಲ್ಲಿ ಟಾಮಿ ಜಾನ್ಸನ್ ನುಡಿಸಿದ ಟ್ಯೂಬಾ (ದೊಡ್ಡ ಹಿತ್ತಾಳೆ ವಾದ್ಯ), ಇದೆಲ್ಲ ತೆರೆಯ ಮೇಲೆ ಕೇಳಿದ ಹಾಗೇ ಬೇಕು ಅಂದರೆ ಎಲ್‌ಪಿಯಲ್ಲಿ ಸಿಗುವುದಿಲ್ಲ. ಹಾಗಾಗಿ 'ಜಾಸ್' ಒಂದರಲ್ಲಿ ಎರಡು ಬೇರೆ ಕೃತಿಗಳಿವೆ. 2000ದಲ್ಲಿ ಡೆಕ್ಕಾ ಸಿನಿಮಾದ ರೆಕಾರ್ಡಿಂಗ್ ಅನ್ನು ಸುಮಾರು 51 ನಿಮಿಷಕ್ಕೆ ತಂದಿತು. 2015ರಲ್ಲಿ ಇಂಟ್ರಾಡಾ ಎರಡು ಡಿಸ್ಕಿನಲ್ಲಿ ಎರಡನ್ನೂ ಇಟ್ಟಿತು. ಒಂದರಲ್ಲಿ ಸಿನಿಮಾದ ಸ್ಕೋರ್, ಇನ್ನೊಂದರಲ್ಲಿ 1975ರ ಆಲ್ಬಂ. ಎಲ್ಲ ಮರುಬಿಡುಗಡೆಗಳೂ ಹೀಗೆಯೇ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಸಾಕ್ಷಿ 1979ರ 'ಏಲಿಯನ್'. ಇಲ್ಲಿ ಕಥೆ ಉಲ್ಟಾ. ಜೆರ್ರಿ ಗೋಲ್ಡ್‌ಸ್ಮಿತ್ ಬರೆದ ಸಂಗೀತವನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿ, ಜಾಗ ಬದಲಿಸಿ, 1962ರ 'ಫ್ರಾಯ್ಡ್' ಸಿನಿಮಾಕ್ಕೆ ಅವರೇ ಬರೆದಿದ್ದ ಹಳೇ ಸಂಗೀತದ ತುಣುಕುಗಳನ್ನು ತಂದು ಸೇರಿಸಿದರು. ಕೊನೆಯಲ್ಲಿ ಅವರ ಎಂಡ್ ಟೈಟಲ್ (ಕೊನೆಯ ಹೆಸರುಪಟ್ಟಿಯ ಸಂಗೀತ) ತೆಗೆದು ಹೊವಾರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿ ಹಾಕಿದರು. ಶೀರ್ಷಿಕೆಗೆ ಮೊದಲು ಬರೆದಿದ್ದ ನಿಗೂಢವಾದ, ಹೆಚ್ಚು ಭಾವುಕವಾದ ಸಂಗೀತದ ಬದಲು ಇನ್ನಷ್ಟು ವಿಚಿತ್ರವಾದ, ತಣ್ಣಗಿನ ಸಂಗೀತ ಬರೆಸಿದರು. ಹಾಗಾದರೆ ಗೋಲ್ಡ್‌ಸ್ಮಿತ್ ಮನಸ್ಸಿನಲ್ಲಿದ್ದ 'ಏಲಿಯನ್' ಎಲ್ಲಿ ಉಳಿಯಿತು? ಆ ಕಾಲದ ಎಲ್‌ಪಿಯಲ್ಲಿ. ಆಲ್ಬಂಗೆ ಅವರು ತಮ್ಮ ಮೂಲ ಮೇನ್ ಟೈಟಲ್ಲನ್ನೂ ತಮ್ಮದೇ ಎಂಡ್ ಟೈಟಲ್ಲನ್ನೂ ಇಟ್ಟುಕೊಂಡರು. ಮೂವತ್ತು ಚಿಲ್ಲರೆ ನಿಮಿಷದ ಆ ಆಲ್ಬಂ ಸಿನಿಮಾಕ್ಕಿಂತ ಸಂಗೀತಗಾರನಿಗೆ ಹತ್ತಿರ. 2007ರಲ್ಲಿ ಇಂಟ್ರಾಡಾ ತಂದ ಎರಡು ಡಿಸ್ಕಿನ ಸೆಟ್‌ನಲ್ಲಿ ಮೊದಲು ಬರೆದದ್ದು, ಮತ್ತೆ ಬರೆದದ್ದು, ಎಲ್‌ಪಿಯ ಕ್ರಮ ಮೂರೂ ಇವೆ. ಇಲ್ಲಿ 'ಆಲ್ಟರ್ನೇಟ್' ಅನ್ನುವುದು ಭರ್ತಿಗೆ ಹಾಕಿದ್ದಲ್ಲ, ಆ ಎಳೆದಾಟದ ದಾಖಲೆ.

ಆದ್ದರಿಂದ "ಹಳೇ ಆಲ್ಬಂ ಅಪೂರ್ಣ, ಎಸೆದು ಹೊಸದು ತಗೊಳ್ಳಿ" ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಸಿಡಿ ಸೆಟ್‌ಗೆ ದುಡ್ಡು ಹಾಕುವ ಮನಸ್ಸಿಲ್ಲದವರು ಸ್ಟ್ರೀಮಿಂಗ್‌ನಲ್ಲೋ ಹಳೇ ಸಿಡಿಯಲ್ಲೋ ಮೂಲ ಆಲ್ಬಂ ಕೇಳಿಕೊಂಡು ನೆಮ್ಮದಿಯಾಗಿ ಇರಬಹುದು. ಏನೋ ಕಳೆದುಕೊಂಡೆವು ಅಂದುಕೊಳ್ಳಬೇಕಿಲ್ಲ.

ಎಕ್ಸ್‌ಪ್ಯಾಂಡೆಡ್ ಎಡಿಷನ್: ಯಾವಾಗ ಬೇಕೇ ಬೇಕು

1979ರ 'ಸ್ಟಾರ್ ಟ್ರೆಕ್: ದ ಮೋಷನ್ ಪಿಕ್ಚರ್' ನೋಡಿ. ಅದೂ ಗೋಲ್ಡ್‌ಸ್ಮಿತ್ ಅವರದೇ. ಕ್ಯಾಪ್ಟನ್ ಕರ್ಕ್ ಪುಟ್ಟ ನೌಕೆಯಲ್ಲಿ ಕೂತು, ನಿಲ್ದಾಣದಲ್ಲಿ ನಿಂತಿರುವ ಎಂಟರ್‌ಪ್ರೈಸ್ ಹಡಗಿನ ಸುತ್ತ ಬರುವ ಉದ್ದನೆಯ ದೃಶ್ಯ ಇದೆಯಲ್ಲ, ಅದಕ್ಕೆ ಅವರು ಮೊದಲು ಬರೆದ ಸಂಗೀತ ನಿರ್ದೇಶಕ ರಾಬರ್ಟ್ ವೈಸ್‌ಗೆ ಹಿಡಿಸಲಿಲ್ಲ. ಗಟ್ಟಿಯಾದ ಒಂದು ಥೀಮ್ ಇಲ್ಲ ಅನ್ನುವುದು ಅವರ ತಕರಾರು. ಗೋಲ್ಡ್‌ಸ್ಮಿತ್ ವಾಪಸ್ ಹೋಗಿ ಹೊಸ ಥೀಮ್ ಬರೆದರು. 1987ರಲ್ಲಿ ಶುರುವಾದ 'ನೆಕ್ಸ್ಟ್ ಜನರೇಷನ್' ಟಿವಿ ಸರಣಿಯ ಶೀರ್ಷಿಕೆ ಸಂಗೀತ ಆಗಿದ್ದು ಅದೇ.

ಆ ತಿರಸ್ಕೃತ ಸಂಗೀತ 1979ರ ಎಲ್‌ಪಿಯಲ್ಲಿ ಇರಲಿಲ್ಲ. 1999ರಲ್ಲಿ ಅದೇ ಆಲ್ಬಂ ಉದ್ದವಾಗಿ ಬಂದಾಗಲೂ ಈ ಮೊದಲ ರೂಪ ಸೇರಿರಲಿಲ್ಲ. 2012ರ ಲಾ-ಲಾ ಲ್ಯಾಂಡ್ ಮೂರು ಡಿಸ್ಕಿನ ಸೆಟ್‌ನಲ್ಲಿ ಸಿಕ್ಕಿತು. ಎರಡೂ 'ದ ಎಂಟರ್‌ಪ್ರೈಸ್' ಟ್ರ್ಯಾಕ್‌ಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಬೇಕು. ಮೊದಲನೆಯದು ಸುಂದರವಾಗಿದೆ, ಹಾಯಿಹಡಗು ಸಮುದ್ರಕ್ಕೆ ಇಳಿಯುವಂತೆ ತೇಲುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಥೀಮ್ ನಿಧಾನವಾಗಿ ತುಂಡು ತುಂಡಾಗಿ ಇಣುಕಿ, ಹಡಗು ಎದುರಿಗೆ ಪೂರ್ತಿ ಕಾಣುವ ಹೊತ್ತಿಗೆ ಇಡೀ ಆರ್ಕೆಸ್ಟ್ರಾ ಎದ್ದು ನಿಲ್ಲುತ್ತದೆ. ವೈಸ್ ಹೇಳಿದ್ದು ಸರಿ ಅಂತ ಆಗ ಗೊತ್ತಾಗುತ್ತದೆ. ಒಂದು ದೊಡ್ಡ ಥೀಮ್ ಹೇಗೆ ಹುಟ್ಟಿತು ಅಂತ ಇಷ್ಟು ಹತ್ತಿರದಿಂದ ತೋರಿಸುವ ರೆಕಾರ್ಡಿಂಗ್ ಬಹಳ ಇಲ್ಲ. ಸಂಗೀತ ಕಲಿಯುವವರು, ಕಿರುಚಿತ್ರಗಳಿಗೆ ಸಂಗೀತ ಕೊಡುವವರು ಇಂಥದ್ದಕ್ಕೆ ಖರ್ಚು ಮಾಡಿದರೆ ಖಂಡಿತ ದಂಡವಾಗುವುದಿಲ್ಲ.

ಎಲ್ಲ ಎಕ್ಸ್‌ಪ್ಯಾಂಡೆಡ್ ಹೀಗಿರುವುದಿಲ್ಲ. ಒಂದೇ ಭಾವದ ಸಸ್ಪೆನ್ಸ್ ತುಣುಕುಗಳು ಸಾಲಾಗಿ ಬಂದು, ಮೂವತ್ತು ಸೆಕೆಂಡಿನ ಟ್ರ್ಯಾಕ್‌ಗಳು ಆರಂಭವಾಗುವಷ್ಟರಲ್ಲಿ ಮುಗಿದು, ಡಿಸ್ಕಿನ ಮಧ್ಯಭಾಗ ಸೊರಗುವುದು ಮಾಮೂಲು. ದೃಶ್ಯದ ಅಳತೆಗೆ ಕತ್ತರಿಸಿದ ಸಂಗೀತ ದೃಶ್ಯ ಇಲ್ಲದೆ ಕುಂಟುತ್ತದೆ. 'ಏಲಿಯನ್' ತರಹ ದೊಡ್ಡ ಜಗಳದ ಕಥೆ ಹಿಂದೆ ಇಲ್ಲದ ಸಾಧಾರಣ ಸ್ಕೋರ್‌ಗೆ ಎರಡು ಡಿಸ್ಕ್ ಬೇಕಿಲ್ಲ.

ಪೂರ್ತಿ ಬೇಕು ಅನ್ನುವವರಿಗೆ ಸರಿಯಾದ ಪರೀಕ್ಷೆ 'ಲಾರ್ಡ್ ಆಫ್ ದ ರಿಂಗ್ಸ್'. ಹೊವಾರ್ಡ್ ಶೋರ್ ಅವರ ಮೊದಲ ಭಾಗದ 2001ರ ಆಲ್ಬಂ ಸುಮಾರು 71 ನಿಮಿಷ. 2005ರಲ್ಲಿ ಬಂದ 'ಕಂಪ್ಲೀಟ್ ರೆಕಾರ್ಡಿಂಗ್ಸ್' ಮೂರು ಸಿಡಿ ಸೇರಿ ಸುಮಾರು ಮೂರು ಗಂಟೆ, ಜೊತೆಗೆ ಸರೌಂಡ್ ಸೌಂಡ್ ಇರುವ ಒಂದು ಡಿವಿಡಿ. ಮುಂದಿನ ಎರಡು ಭಾಗ 2006, 2007ರಲ್ಲಿ ಬಂದವು. ಇಲ್ಲಿ ಮೂರು ಗಂಟೆ ಜಾಸ್ತಿ ಅನ್ನಿಸುವುದಿಲ್ಲ, ಯಾಕೆಂದರೆ ಶೋರ್ ಒಂದೊಂದು ಜನಾಂಗಕ್ಕೂ ಊರಿಗೂ ಬೇರೆ ಬೇರೆ ಥೀಮ್ ಕೊಟ್ಟು, ಆ ಥೀಮ್‌ಗಳು ಗಂಟೆಗಟ್ಟಲೆ ಬದಲಾಗುತ್ತಾ ಹೋಗುವಂತೆ ಬರೆದಿದ್ದಾರೆ. ಆದರೂ 2001ರ ಆಲ್ಬಂ ಇಟ್ಟುಕೊಳ್ಳಿ. ಅದರ ಮೊದಲ ಟ್ರ್ಯಾಕ್ 'ದ ಪ್ರಾಫೆಸಿ'ಯಲ್ಲಿ ಸಿನಿಮಾದ ಆರಂಭಕ್ಕಿಂತ ಬೇರೆಯಾದ ಸಂಗೀತ ಇದೆ. ಇನ್ನೊಂದು ಅನುಕೂಲ, ಈ ಪೂರ್ತಿ ರೆಕಾರ್ಡಿಂಗ್ ಸ್ಟ್ರೀಮಿಂಗ್‌ನಲ್ಲೂ ಬಂದಿದೆ. ಕೇಳಿ ನೋಡಿ, ಮೂರನೇ ಸಲವೂ ಪೂರ್ತಿ ಕೇಳಿದಿರಾದರೆ ಪೆಟ್ಟಿಗೆ ಕೊಳ್ಳಿ. ಬೇರೆ ಎಕ್ಸ್‌ಪ್ಯಾಂಡೆಡ್‌ಗಳಿಗೆ ಈ ಸೌಲಭ್ಯ ಕಡಿಮೆ. ಬಹಳಷ್ಟು ಲೇಬಲ್‌ಗಳಿಗೆ ಸಿಡಿಗೆ ಮಾತ್ರ ಅನುಮತಿ ಇರುವುದರಿಂದ ಅವು ಆನ್‌ಲೈನ್‌ನಲ್ಲಿ ಬರುವುದಿಲ್ಲ.

ಹೊಸದಾಗಿ ನುಡಿಸಿದ್ದು

ಮೂಲ ಟೇಪ್ ಕಳೆದುಹೋಗಿದ್ದ ಅಥವಾ ಹಕ್ಕು ಸಿಗದಿದ್ದ ಕಾಲದಲ್ಲಿ ಬೇರೆ ಆರ್ಕೆಸ್ಟ್ರಾದಿಂದ ಸ್ಕೋರ್ ಮತ್ತೆ ನುಡಿಸುವುದು ಒಳ್ಳೆಯ ದಾರಿಯಾಗಿತ್ತು. 1998ರ 'ಸೂಪರ್‌ಮ್ಯಾನ್' ಅನ್ನು ಜಾನ್ ಡೆಬ್ನಿ ನಿರ್ದೇಶನದಲ್ಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ನುಡಿಸಿತು. ಧ್ವನಿ ತಿಳಿಯಾಗಿದೆ, ಎಲ್‌ಪಿಯಲ್ಲಿ ಇಲ್ಲದ ಭಾಗಗಳೂ ಇವೆ. ಆದರೆ ಸಿನಿಮಾ ನೋಡಿ ಬೆಳೆದ ಕಿವಿಗೆ ಒಂದು ಟ್ರಂಪೆಟ್ ಸ್ವಲ್ಪ ತಡವಾಗಿ ಬಂದರೂ ತಿಳಿಯುತ್ತದೆ. ಮೂಲ ರೆಕಾರ್ಡಿಂಗ್ ಚೆನ್ನಾಗಿ ಸಿಗುವಂತಾದ ಮೇಲೆ ಇವು ಎರಡನೇ ಆಯ್ಕೆ ಅಷ್ಟೇ.

'ಬ್ಲೇಡ್ ರನ್ನರ್' ಬೇರೆಯದೇ ನೋವು. ಸಿನಿಮಾ 1982ರದು. ಆ ವರ್ಷ ಬಂದ ಆಲ್ಬಂನಲ್ಲಿ ನುಡಿಸಿದ್ದು ನ್ಯೂ ಅಮೆರಿಕನ್ ಆರ್ಕೆಸ್ಟ್ರಾ. ಸಿನಿಮಾದ ಸಂಗೀತಗಾರ ವ್ಯಾಂಜೆಲಿಸ್ ಅವರದೇ ಆಲ್ಬಂ ಬರಲು 1994 ಆಗಬೇಕಾಯಿತು, ಅದರಲ್ಲೂ ಸಿನಿಮಾದ ಮಾತುಗಳು ಸಂಗೀತದ ಮೇಲೆ ಬರುತ್ತವೆ. 2007ರಲ್ಲಿ ಮೂರು ಡಿಸ್ಕಿನ ಸೆಟ್ ಬಂತು, ಆಗಲೂ ಸಿನಿಮಾದ ಸಂಗೀತ ಪೂರ್ತಿ ಸಿಗಲಿಲ್ಲ. ಈ ಖಾಲಿ ಜಾಗದಲ್ಲೇ ಬೂಟ್‌ಲೆಗ್‌ಗಳು (ಅನುಮತಿ ಇಲ್ಲದ ಕಳ್ಳ ಪ್ರತಿಗಳು) ಹುಟ್ಟಿಕೊಂಡವು. ಬೂಟ್‌ಲೆಗ್ ಕೊಳ್ಳಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದರ ಒಂದು ಪೈಸೆಯೂ ಸಂಗೀತಗಾರನಿಗೋ ವಾದಕರಿಗೋ ಹೋಗುವುದಿಲ್ಲ. 1994ರ ಆಲ್ಬಂ ಒಂದು ಕೃತಿಯಾಗಿ ಅದ್ಭುತವಾಗಿದೆ, ಅದನ್ನೇ ಕೇಳಿ.

ವಿನೈಲ್ (ಎಲ್‌ಪಿ ತಟ್ಟೆ) ಬಗ್ಗೆ ಒಂದೇ ಮಾತು. ಮೂಲ ಆಲ್ಬಂಗಳಿಗೆ ಅದು ಚೆಂದ, ಎರಡು ಬದಿಗೆ ಅಳೆದೇ ಜೋಡಿಸಿರುತ್ತಾರೆ. ಎಕ್ಸ್‌ಪ್ಯಾಂಡೆಡ್ ಸ್ಕೋರ್ ವಿನೈಲ್‌ನಲ್ಲಿ ದುಬಾರಿ, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಬದಿ ತಿರುಗಿಸಬೇಕು.

ಇಲ್ಲಿಂದ ತರಿಸುವವರಿಗೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ತರಿಸುವವರಿಗೆ ಸಾಗಣೆಯ ಲೆಕ್ಕವೇ ದೊಡ್ಡದು. ಎರಡು ಡಿಸ್ಕಿನ ಸೆಟ್ ಸುಮಾರು 30 ಡಾಲರ್ ಅಂದುಕೊಂಡರೆ, ಅಮೆರಿಕದಿಂದ ಒಂದೇ ಸೆಟ್ ತರಿಸಿದಾಗ ಸಾಗಣೆ ಮತ್ತು ಕಸ್ಟಮ್ಸ್ ಸೇರಿ ಅದರ ಹತ್ತಿರಕ್ಕೇ ಬರಬಹುದು. ಮೂರ್ನಾಲ್ಕು ಜನ ಸೇರಿ ಒಟ್ಟಿಗೆ ಆರ್ಡರ್ ಮಾಡಿ. ಅಮೆರಿಕದಲ್ಲಿ ನೆಂಟರಿದ್ದರೆ ಅವರ ವಿಳಾಸಕ್ಕೆ ತರಿಸಿಟ್ಟು, ಅವರು ಊರಿಗೆ ಬರುವಾಗ ತರಲು ಹೇಳಿ. ಸಿಡಿ ತೂಕ ಕಡಿಮೆ, ಯಾರೂ ಬೇಡ ಅನ್ನುವುದಿಲ್ಲ. ಸಿಡಿಗಳಿಗೆ ರೀಜನ್ ಕೋಡ್ ಇಲ್ಲ, ಎಲ್ಲಿಂದ ತಂದರೂ ಇಲ್ಲಿ ಓಡುತ್ತವೆ. ಮನೆಯಲ್ಲಿ ಪ್ಲೇಯರ್ ಇಲ್ಲದಿದ್ದರೆ ಯುಎಸ್‌ಬಿ ಸಿಡಿ ಡ್ರೈವ್ ಒಂದು ಕೊಂಡು, ಧ್ವನಿಯ ಗುಣಮಟ್ಟ ಕೆಡದ ಫ್ಲ್ಯಾಕ್ ರೂಪದಲ್ಲಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ.

'ಸೀಮಿತ ಪ್ರತಿ' ಅನ್ನುವ ಮಾತಿಗೆ ಹೆದರಿ ಆತುರ ಪಡಬೇಡಿ. ಕೆಲವು ನಿಜಕ್ಕೂ ಬೇಗ ಖಾಲಿಯಾಗುತ್ತವೆ, 'ಸೂಪರ್‌ಮ್ಯಾನ್' ನೀಲಿ ಪೆಟ್ಟಿಗೆ 3000 ಪ್ರತಿ ಮಾತ್ರ ಬಂದಿತ್ತು. ಇನ್ನು ಕೆಲವು ವರ್ಷಗಟ್ಟಲೆ ಕೂತಿರುತ್ತವೆ. ಖಾಲಿಯಾದ ಮೇಲೆ ಎರಡನೇ ಕೈಯಲ್ಲಿ ನಾಲ್ಕು ಪಟ್ಟು ಕೊಟ್ಟು ಕೊಳ್ಳುವ ಮೊದಲು ಸ್ವಲ್ಪ ಕಾಯಿರಿ. ಬೇಡಿಕೆ ಇರುವ ಸ್ಕೋರ್‌ಗಳು ಇನ್ನೂ ಒಳ್ಳೆಯ ಟೇಪ್‌ನಿಂದ ಮತ್ತೆ ಬಂದ ಉದಾಹರಣೆ ಬೇಕಾದಷ್ಟಿದೆ.

ಅಂಥ ಉದಾಹರಣೆಗಳಲ್ಲಿ ಒಂದು 'ಸೂಪರ್‌ಮ್ಯಾನ್'. ಅದನ್ನು ರೆಕಾರ್ಡ್ ಮಾಡಿದ್ದು ಇಂಗ್ಲೆಂಡಿನ ಡೆನ್‌ಹ್ಯಾಮ್‌ನ ಆನ್ವಿಲ್ ಸ್ಟುಡಿಯೋದಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ. ರೈನೋ 2000ದಲ್ಲಿ ಕೈಗೆ ಸಿಕ್ಕ ಟೇಪ್‌ಗಳಿಂದ ಕೆಲಸ ಮಾಡಿತು, ಆಗಿನ ಮಟ್ಟಿಗೆ ಅದೇ ದೊಡ್ಡ ಸಂಭ್ರಮ. 2019ರ ಸೆಟ್‌ಗೆ ಆಲ್ಬಂ ನಿರ್ಮಾಪಕ ಮೈಕ್ ಮಟೆಸಿನೋ ಬಳಸಿದ್ದು ಎಷ್ಟೋ ವರ್ಷ ಕಾಣೆಯಾಗಿದ್ದು ಆಮೇಲೆ ಸಿಕ್ಕ ಮೂಲ ರೆಕಾರ್ಡಿಂಗ್‌ಗಳನ್ನು. ಮೇನ್ ಟೈಟಲ್‌ನಲ್ಲಿ ಹಿತ್ತಾಳೆ ವಾದ್ಯಗಳ ಹಿಂದೆ ತಂತಿ ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. 1978ರ ಆಲ್ಬಂ ಕೂಡ ಅದೇ ಸೆಟ್‌ನಲ್ಲಿ ಇದೆ. ಹಾಗಾಗಿ ಹೊಸದಾಗಿ ಕೊಳ್ಳುವವರು 2019ರದನ್ನೇ ಹುಡುಕಿ. ರೈನೋ ಸೆಟ್ ಅಗ್ಗಕ್ಕೆ ಸಿಕ್ಕರೆ ಅದೂ ಸಾಕು. ಕಥೆಯ ಮುಂದಿನ ಭಾಗಗಳ ಸಂಗೀತ, ಟಿವಿ ಕಾರ್ಟೂನಿನ ಸಂಗೀತ ಎಲ್ಲ ಒಂದೇ ಕಡೆ ಬೇಕು ಅನ್ನುವವರಿಗೆ ಮಾತ್ರ ನೀಲಿ ಪೆಟ್ಟಿಗೆ. ಲೋಯಿಸ್ ಲೇನ್ ಪಾತ್ರದ ಮಾರ್ಗೋ ಕಿಡ್ಡರ್ ಹಾರಾಟದ ದೃಶ್ಯದಲ್ಲಿ ಮಾತಾಡುವ ಭಾಗ ಕೆಲವರಿಗೆ ಕಿರಿಕಿರಿ. ಅಂಥವರು ಮೂಲ ಆಲ್ಬಂನಲ್ಲೇ ಬೇರೆಯಾಗಿ ಇರುವ, ಮಾತಿಲ್ಲದ 'ಲವ್ ಥೀಮ್' ಹಾಕಿಕೊಳ್ಳಬಹುದು.

ವರ್ಷಕ್ಕೆ ಒಂದೇ ಸೆಟ್ ಕೊಳ್ಳುವಷ್ಟು ದುಡ್ಡಿದ್ದು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ ನಾನು 'ಸೂಪರ್‌ಮ್ಯಾನ್' ಕೂಡ ಹೇಳುವುದಿಲ್ಲ. 2015ರ ಇಂಟ್ರಾಡಾ 'ಜಾಸ್' ತಗೊಳ್ಳಿ. ಎರಡು ಡಿಸ್ಕ್ ಕೇಳಿದ ಮೇಲೆ ಯಾವುದನ್ನು ಮತ್ತೆ ಮತ್ತೆ ಹಾಕುತ್ತೀರಿ ನೋಡಿ. 1975ರ ಆಲ್ಬಂ ಇರುವ ಡಿಸ್ಕೇ ಪ್ಲೇಯರ್‌ನಲ್ಲಿ ಉಳಿದರೆ ಮುಂದೆ ಮೂಲ ಆಲ್ಬಂಗಳನ್ನು ಕಡಿಮೆ ಖರ್ಚಿನಲ್ಲಿ ಕೂಡಿಸಿ. ಸಿನಿಮಾದ ಡಿಸ್ಕ್ ಉಳಿದರೆ ಮುಂದಿನ ಆರ್ಡರ್ 'ಸ್ಟಾರ್ ಟ್ರೆಕ್'.